ಪದಚರ್ಚೆ: ಉಣ್ಣೆಗೆ ಕೊಟ್ಟ ಹಣ ಸಹಾಯಧನವೇ, ಪ್ರೋತ್ಸಾಹಧನವೇ?

ಅಮೆರಿಕದ ಕೃಷಿ ನೀತಿಯ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಟೆಕ್ಸಾಸ್‌ನ ಎಡ್ವರ್ಡ್ಸ್ ಕೌಂಟಿಯಂಥ ಕಡೆ ಕುರಿ, ಮೇಕೆ ಸಾಕುವವರಿಗೆ ಸರ್ಕಾರ ಕೊಟ್ಟ ಹಣವನ್ನು ಏನೆಂದು ಕರೆಯಬೇಕು? ‘ಸಬ್ಸಿಡಿ’ ಎಂದು ಬರೆದು ಮುಂದೆ ಹೋಗಬಹುದು. ಆದರೆ ಆ ಒಂದೇ ಪದದ ಅಡಿಯಲ್ಲಿ ಎರಡು ಬೇರೆ ಲೆಕ್ಕಗಳಿವೆ.

ಮೊದಲನೆಯದು 1954ರ ರಾಷ್ಟ್ರೀಯ ಉಣ್ಣೆ ಕಾಯ್ದೆಯದು. ಸೈನಿಕರ ಸಮವಸ್ತ್ರದ ಉಣ್ಣೆಗೆ ಹೊರದೇಶಗಳನ್ನೇ ನೆಚ್ಚಿಕೊಳ್ಳಬಾರದು ಎಂಬ ಕಳವಳ ಅದರ ಹಿಂದಿತ್ತು. ಸರ್ಕಾರ ಉಣ್ಣೆಯನ್ನು ಕೊಳ್ಳುತ್ತಿರಲಿಲ್ಲ, ಹೀಗಾಗಿ ನಮ್ಮ ‘ಬೆಂಬಲ ಬೆಲೆ’ ಇಲ್ಲಿ ಹೊಂದುವುದಿಲ್ಲ. ಸರ್ಕಾರ ನಿಗದಿಮಾಡಿದ ಗುರಿಬೆಲೆ 150, ದೇಶದ ಸರಾಸರಿ ಮಾರುಕಟ್ಟೆ ಬೆಲೆ 100 ಎಂದುಕೊಳ್ಳಿ. ಕೊರತೆ ಸರಾಸರಿಯ ಶೇ 50. ಪ್ರತಿಯೊಬ್ಬರಿಗೂ ಅವರವರು ಮಾರಿದ ಮೊತ್ತದ ಶೇ 50 ಸಿಗುತ್ತಿತ್ತು. 120ಕ್ಕೆ ಮಾರಿದವರಿಗೆ 60, 80ಕ್ಕೆ ಮಾರಿದವರಿಗೆ 40. ಒಳ್ಳೆಯ ಉಣ್ಣೆ ತೆಗೆದು ಚೆನ್ನಾಗಿ ಮಾರಿದವರಿಗೇ ಹೆಚ್ಚು! ‘ಬೆಲೆ ವ್ಯತ್ಯಾಸ ಪಾವತಿ’ ಎಂದರೆ ಕಡಿಮೆಗೆ ಮಾರಿದವರಿಗೇ ಹೆಚ್ಚು ಸಿಕ್ಕಂತೆ ಕೇಳಿಸಿ, ಇದು ತಲೆಕೆಳಗಾಗುತ್ತದೆ. ‘ಸಹಾಯಧನ’ ಎಂದರೆ ಕೊಟ್ಟಿಗೆಗೋ ಕೊಳವೆಬಾವಿಗೋ ಕೊಟ್ಟಂತೆ ಕೇಳಿಸುತ್ತದೆ. ಹಾಲು ಉತ್ಪಾದಕರಿಗೆ ಕರ್ನಾಟಕ ಸರ್ಕಾರ ಕೊಡುವುದನ್ನು ‘ಪ್ರೋತ್ಸಾಹಧನ’ ಎನ್ನುತ್ತೇವಲ್ಲ, ಅದೇ ಸರಿಯೆಂದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿ ಲೀಟರಿಗೆ ಇಷ್ಟೆಂದು ಕೊಡುತ್ತಾರೆ, ಇಲ್ಲಿ ಮಾರಾಟದ ಪಾಲಿನಂತೆ. ಆದರೂ ಉತ್ಪಾದನೆಯನ್ನು ಹುರಿದುಂಬಿಸುವ ಉದ್ದೇಶ ಎರಡರಲ್ಲೂ ಒಂದೇ. 1993ರಲ್ಲಿ ಅಮೆರಿಕದ ಸಂಸತ್ತು ಈ ಯೋಜನೆಯನ್ನು ಹಂತಹಂತವಾಗಿ ಮುಗಿಸಲು ನಿರ್ಧರಿಸಿತು.

2002ರ ಕೃಷಿ ಕಾನೂನಿನಲ್ಲಿ ಮರಳಿ ಬಂದದ್ದು ಬೇರೆಯೇ ವ್ಯವಸ್ಥೆ. ಸರಕನ್ನು ಅಡವಿಟ್ಟು ನಿಗದಿತ ದರದಲ್ಲಿ ಸಾಲ ಪಡೆಯಬಹುದು; ಮೊಹೇರ್ ಎಂಬ ಮೇಕೆ ಕೂದಲಿಗೆ ಆ ಕಾನೂನಿನಲ್ಲಿದ್ದ ದರ ಪೌಂಡಿಗೆ 4.20 ಡಾಲರ್. ಸಾಲ ಬೇಡವೆಂದವರಿಗೆ, ಪೇಟೆಯ ದರ ನಿಗದಿತ ದರಕ್ಕಿಂತ ಕೆಳಗಿದ್ದರೆ, ಆ ಅಂತರದ ಹಣ ಸಿಗುತ್ತದೆ. ಇದನ್ನು ‘ಬೆಲೆ ವ್ಯತ್ಯಾಸ ಪಾವತಿ’ ಎನ್ನಲು ಅಡ್ಡಿಯಿಲ್ಲ.

‘ಕೌಂಟಿ’ಯನ್ನು ‘ಜಿಲ್ಲೆ’ ಮಾಡಲು ಮನಸ್ಸು ಒಪ್ಪುತ್ತಿಲ್ಲ. ಎಡ್ವರ್ಡ್ಸ್ ಕೌಂಟಿಯ ವಿಸ್ತೀರ್ಣ ಸುಮಾರು 5,500 ಚದರ ಕಿಲೋಮೀಟರ್, 2020ರ ಜನಗಣತಿಯ ಪ್ರಕಾರ ಅಲ್ಲಿರುವ ಜನ ಎರಡು ಸಾವಿರಕ್ಕೂ ಕಡಿಮೆ. ಜಿಲ್ಲೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರಕ್ಕೂ ಇದಕ್ಕೂ ತಾಳೆಯಾಗದು. ಕೌಂಟಿ ಎಂದೇ ಉಳಿಸಿಕೊಂಡಿದ್ದೇನೆ.

ನಿಜವಾಗಿ ತೊಡಕಾಗಿರುವುದು ‘ಮೊಹೇರ್’. ಅದು ಅಂಗೋರಾ ಮೇಕೆಯ ಕೂದಲು. ಹೊಳಪುಳ್ಳದ್ದು, ನಯವಾದದ್ದು, ವರ್ಷಕ್ಕೆ ಎರಡು ಬಾರಿ ಕತ್ತರಿಸುವಂಥದ್ದು. ‘ಅಂಗೋರಾ ಉಣ್ಣೆ’ ಎನ್ನುವಂತಿಲ್ಲ, ಅದು ಮೊಲದ್ದು. ‘ಮೇಕೆ ಕೂದಲು’ ಎಂದರೆ ನಮ್ಮಲ್ಲಿ ಹಗ್ಗ ಹೊಸೆಯುವ ಒರಟು ಕೂದಲು ನೆನಪಾಗುತ್ತದೆ. ‘ಮೇಕೆ ಉಣ್ಣೆ’ ಎನ್ನಬಹುದೇ, ಅಥವಾ ಉಣ್ಣೆ ಕುರಿಗೇ ಮೀಸಲೇ? ‘ತುಪ್ಪಟ’ ಎಂಬ ಚೆಂದದ ಪದವೊಂದಿದೆ, ಕುರಿಯ ಮೈಮೇಲಿನದಕ್ಕೆ ಬಳಸಿದ್ದನ್ನು ಕಂಡಿದ್ದೇನೆ. ಚಳ್ಳಕೆರೆ, ಹಿರಿಯೂರು ಕಡೆಯ ಕುರಿಗಾಹಿಗಳ, ಕಂಬಳಿ ನೇಯುವವರ ಮಾತು ಬಲ್ಲವರು ತಿಳಿಸಬೇಕು: ತುಪ್ಪಟ ಮೇಕೆಗೂ ಸಲ್ಲುತ್ತದೆಯೇ?