ಸಹಾಯ ಬೇಕು: ಅಪ್ಪನ ಜೊತೆ ಕುಮಾರ ಪರ್ವತ
ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷದಿಂದ ಅಪ್ಪನಿಗೂ ನನಗೂ ಮಾತಿರಲಿಲ್ಲ. ಹೋದ ತಿಂಗಳು ಅವರೇ ಫೋನ್ ಮಾಡಿದರು. "ಕುಮಾರ ಪರ್ವತ ಹತ್ತಿಸ್ತೀನಿ ಅಂದಿದ್ದೆ, ನೆನಪಿದೆಯೇನೋ?" ಅಷ್ಟೇ ಕೇಳಿದರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅವರು ಕೊಟ್ಟ ಮಾತು ಅದು. ಹೂಂ ಅಂದುಬಿಟ್ಟೆ.

ಈಗ ಅವರಿಗೆ 66 ವರ್ಷ. ದಿನಾ ವಾಕಿಂಗ್ ಮಾಡುತ್ತಾರೆ. ಆದರೆ ಇಳಿಜಾರಿನಲ್ಲಿ ಬಲ ಮಂಡಿ ನೋಯುತ್ತದೆ. ಕುಕ್ಕೆ ಕಡೆಯಿಂದ ಹೋದರೆ ದಾರಿ ಮಧ್ಯದ ಭಟ್ಟರ ಮನೆವರೆಗೆ ಕಾಡಿನ ಏರು. ಆಮೇಲೆ ಕಲ್ಲು ಮಂಟಪ ದಾಟಿ, ತುದಿಗೆ ಮೊದಲು ಸಿಗುವ ಶೇಷ ಪರ್ವತದವರೆಗೆ ಬರೀ ಹುಲ್ಲುಗುಡ್ಡ, ನೆರಳೇ ಇಲ್ಲ. ಸೋಮವಾರಪೇಟೆ ಕಡೆಯ ಬೀಡಳ್ಳಿ ದಾರಿ ಚಿಕ್ಕದು, ಆದರೆ ತುದಿಯ ಹತ್ತಿರ ಕಡಿದಾದ ಬಂಡೆ ಹತ್ತಬೇಕು. ಅದೇ ನನಗೆ ಜಾಸ್ತಿ ಭಯ.

ಅರವತ್ತು ದಾಟಿದವರನ್ನು ಕರೆದುಕೊಂಡು ಹೋದವರು ಇದ್ದೀರಾ? ಯಾವ ದಾರಿ ಹಿಡಿದಿರಿ? ಮಂಡಿಗೆ ಪಟ್ಟಿ, ಊರುಗೋಲು ಸಾಕಾಯಿತಾ? ಕೊಡಗಿನ ತಡಿಯಂಡಮೋಳ್ ಬೆಟ್ಟ 1748 ಮೀಟರ್, ಕುಮಾರ ಪರ್ವತಕ್ಕಿಂತ ಎತ್ತರ, ಆದರೂ ನಡಿಗೆ ಸುಲಭ ಅನ್ನುತ್ತಾರೆ. ಆದರೆ ಅಪ್ಪ ಹೇಳಿದ ಬೆಟ್ಟ ಅದಲ್ಲ ಅಲ್ವಾ?

ಅರಣ್ಯ ಇಲಾಖೆಯ ಅನುಮತಿ ನಾನು ನೋಡಿಕೊಳ್ಳುತ್ತೇನೆ. ಅವರು ಅರ್ಧಕ್ಕೇ ಕೂತರೂ ನನಗೆ ಬೇಸರವಿಲ್ಲ, ಜೊತೆಯಲ್ಲೇ ಕೂರುತ್ತೇನೆ. ಸುರಕ್ಷಿತವಾಗಿ ವಾಪಸ್ ಇಳಿಸುವುದು ಹೇಗೆ ಅಂತ ದಯವಿಟ್ಟು ತಿಳಿಸಿ.