ಪದಚರ್ಚೆ: ‘ಪೀರಿಯಡ್ ಇನ್‌ಸ್ಟ್ರುಮೆಂಟ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, 18ನೇ ಶತಮಾನದ ಆಸ್ಟ್ರಿಯಾದ ಸಂಗೀತಕಾರ ಹೈಡನ್ನನ ಸ್ಟ್ರಿಂಗ್ ಕ್ವಾರ್ಟೆಟ್‌ಗಳ ಬಗ್ಗೆ ಕನ್ನಡದಲ್ಲಿ ಒಂದು ಬರಹ ಸಿದ್ಧಮಾಡುತ್ತಿದ್ದೇನೆ. ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊ, ಇಷ್ಟೇ. ಅವನು 1772ರಲ್ಲಿ ಬರೆದ ಆರು ಕ್ವಾರ್ಟೆಟ್‌ಗಳನ್ನು ಕ್ವಾಟ್ವೋರ್ ಮೊಸಾಯಿಕ್ ತಂಡ ಪೀರಿಯಡ್ ಇನ್‌ಸ್ಟ್ರುಮೆಂಟ್‌ಗಳಲ್ಲಿ, ಅಂದರೆ ಕೃತಿ ಹುಟ್ಟಿದ ಕಾಲದ ರೀತಿಯಲ್ಲೇ ಹೊಂದಿಸಿದ ವಾದ್ಯಗಳಲ್ಲಿ, ನುಡಿಸಿದೆ. ಈ ಪದಕ್ಕೆ ಬರುವ ಹೊತ್ತಿಗೆ ಬರಹ ನಿಂತುಬಿಟ್ಟಿದೆ.

ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ‘ಹಳೆಯ ವಾದ್ಯ’ ಅಥವಾ ‘ಪ್ರಾಚೀನ ವಾದ್ಯ’ ಅಂತ ಬರೆದುಬಿಡುತ್ತಾರೆ. ಇದು ತಪ್ಪು ದಾರಿಗೆ ಎಳೆಯುತ್ತದೆ. ಇಟಲಿಯ ಹೆಸರಾಂತ ಕುಶಲಕರ್ಮಿ ಸ್ಟ್ರಾಡಿವೇರಿ ಮಾಡಿದ ಪಿಟೀಲಿಗೆ ಮುನ್ನೂರು ವರ್ಷ ವಯಸ್ಸಾಗಿರಬಹುದು, ಆದರೆ ಅಂಥ ಹೆಚ್ಚುಕಡಿಮೆ ಎಲ್ಲ ಪಿಟೀಲುಗಳ ಕತ್ತನ್ನೂ ಆಮೇಲಿನವರು ಬಿಚ್ಚಿ, ಇನ್ನಷ್ಟು ಹಿಂದಕ್ಕೆ ಓರೆಮಾಡಿ ಕೂರಿಸಿದ್ದಾರೆ, ಒಳಗಡೆ ಅಂಟಿಸುವ ಮರದ ಪಟ್ಟಿಯನ್ನೂ ದಪ್ಪ ಮಾಡಿದ್ದಾರೆ, ದೊಡ್ಡ ಸಭಾಂಗಣದಲ್ಲಿ ಜೋರಾಗಿ ಕೇಳಿಸಲಿ ಅಂತ. ಅದರ ಮೇಲೆ ಉಕ್ಕಿನ ತಂತಿ ಬಿಗಿದರೆ ಅದು ಪೀರಿಯಡ್ ಇನ್‌ಸ್ಟ್ರುಮೆಂಟ್ ಅಲ್ಲ. ಹೋದ ವರ್ಷ ಯಾರೋ ಹಳೆಯ ಅಳತೆ ಹಿಡಿದು ಮಾಡಿ, ಕರುಳಿನ ತಂತಿ ಹಾಕಿದ ಹೊಸ ಪಿಟೀಲು ಮಾತ್ರ ಹೌದು! ವಯಸ್ಸಿಗೂ ಈ ಪದಕ್ಕೂ ಸಂಬಂಧವೇ ಇಲ್ಲ, ಅಲ್ವಾ? ‘ಮೂಲ ವಾದ್ಯ’, ‘ಅಸಲಿ ವಾದ್ಯ’ ಇವೂ ಇದೇ ಕಾರಣಕ್ಕೆ ಬಿದ್ದುಹೋಗುತ್ತವೆ. ‘ಸಮಕಾಲೀನ ವಾದ್ಯ’ ಅಂದರಂತೂ ಓದುವವರು ಇಂದಿನದು ಅಂದುಕೊಳ್ಳುತ್ತಾರೆ.

‘ಕರುಳು ತಂತಿಯ ವಾದ್ಯ’ ಅನ್ನೋಣವೇ ಅಂತಲೂ ಯೋಚಿಸಿದೆ. ಆದರೆ 20ನೇ ಶತಮಾನದ ಆರಂಭದವರೆಗೂ ಪಿಟೀಲಿಗೆ ಹೆಚ್ಚಾಗಿ ಕರುಳಿನದೇ ತಂತಿ, ಹಾಗಾಗಿ 19ನೇ ಶತಮಾನದ ಸಂಗೀತಕಾರ ಬ್ರಾಮ್ಸ್‌ನ ಕಾಲವೂ ಇದರೊಳಗೆ ಬಂದುಬಿಡುತ್ತದೆ. ತಂತಿ ಒಂದೇ ಅಲ್ಲ, ಕಮಾನೂ ಬೇರೆ. ಈಗ ನಾವು ನೋಡುವ, ಒಳಕ್ಕೆ ಬಾಗಿದ ಕಮಾನಿಗೆ ಪ್ಯಾರಿಸ್ಸಿನ ತೂರ್ತ್ 1780ರ ದಶಕದ ಸುಮಾರಿಗೆ ಕೊನೆಯ ರೂಪ ಕೊಟ್ಟ. ಹೈಡನ್ನನಿಗಿಂತ ಹಿಂದಿನ ಸಂಗೀತಕಾರ ಬಾಖ್‌ನ ಕಾಲದ್ದು ಹೊರಕ್ಕೆ ಬಾಗಿದ ಹಗುರ ಕಮಾನು, ಹೈಡನ್ನನ 1772 ಇವೆರಡರ ನಡುವೆ ಬರುತ್ತದೆ. ಆಗಿನ ಚೆಲ್ಲೊಗೆ ನೆಲಕ್ಕೆ ಊರುವ ಮೊಳೆ ಇಲ್ಲ, ಮೀನಖಂಡಗಳ ನಡುವೆ ಹಿಡಿಯಬೇಕು. ಪಿಟೀಲಿಗೆ ಗದ್ದ ಊರುವ ಹಲಗೆ ಇಲ್ಲ, ಅದು ಬಂದದ್ದು 1820ರ ಸುಮಾರಿಗೆ. ಶ್ರುತಿಯೂ ಕೆಳಗೆ: ಇವತ್ತಿನ 440 ಹರ್ಟ್ಸ್‌ನ (ಸೆಕೆಂಡಿಗೆ ಇಷ್ಟು ಕಂಪನ) ಬದಲು ಈ ಕೃತಿಗಳಿಗೆ ಸಾಮಾನ್ಯವಾಗಿ 430, ಬಾಖ್‌ಗಾದರೆ 415. ಇಷ್ಟೆಲ್ಲ ಸೇರಿದಾಗಲೇ ನಾಲ್ಕೂ ವಾದ್ಯಗಳ ದನಿ ಒಂದರ ಮೇಲೊಂದು ಬೀಳದೆ ಬಿಡಿಬಿಡಿಯಾಗಿ ಕೇಳುವುದು. ನನಗೆ ಅದೇ ಪ್ರಾಣ, ಅದಕ್ಕೇ ಪದದ ವಿಷಯದಲ್ಲಿ ಇಷ್ಟು ಹಟ.

ಅಂದರೆ ‘ಕಾಲ’ ಅನ್ನುವುದು ಒಂದೇ ಅಲ್ಲ, ಕೃತಿ ಬದಲಾದಂತೆ ಅದೂ ಬದಲಾಗುತ್ತದೆ. ಹಾಗಾಗಿ ‘ಆಯಾ ಕಾಲದ’ ಅನ್ನುವ ಭಾಗ ನನಗೆ ಹಿಡಿಸಿದೆ. ಬರೀ ‘ಆಯಾ ಕಾಲದ ವಾದ್ಯ’ ಅಂದರೆ ಮತ್ತೆ ವಯಸ್ಸಿನ ಅರ್ಥವೇ ಬರುತ್ತದೆ. ‘ಆಯಾ ಕಾಲದ ಕಟ್ಟಿನ ವಾದ್ಯ’ ಅಂದರೆ ಹೇಗೆ? ‘ಕಟ್ಟು’ ಅನ್ನುವುದರಲ್ಲಿ ಕತ್ತು, ಕುದುರೆ (ತಂತಿಗಳನ್ನು ಎತ್ತಿಹಿಡಿಯುವ ಮರದ ತುಂಡು), ತಂತಿ ಎಲ್ಲ ಹಿಡಿಯುತ್ತವೆ ಅನ್ನಿಸುತ್ತದೆ. ಆದರೆ ಕಮಾನು ಹೊರಗೇ ಉಳಿಯುತ್ತದೆ, ಮೇಲಾಗಿ ಪದ ಸ್ವಲ್ಪ ಉದ್ದ.

ಪಿಟೀಲು, ವೀಣೆ ರಿಪೇರಿ ಮಾಡುವವರ ಪರಿಚಯ ಇರುವವರು ದಯವಿಟ್ಟು ಹೇಳಿ: ವಾದ್ಯದ ಕತ್ತು, ಕುದುರೆ, ತಂತಿಗಳನ್ನು ಹೊಂದಿಸಿರುವ ರೀತಿಗೆ ಅವರ ಬಾಯಲ್ಲಿ ಯಾವ ಮಾತು ಇದೆ? ಇನ್ನೊಂದು ವಿಷಯ, ‘ತಂತಿ’ ಅಂದಕೂಡಲೇ ಓದುಗರಿಗೆ ಲೋಹವೇ ಕಣ್ಣಮುಂದೆ ಬರುತ್ತದೆ. ‘ಕರುಳಿನ ತಂತಿ’ ಸಾಕೇ, ಅಥವಾ ‘ಕರುಳೆಳೆ’ ಅನ್ನೋಣವೇ?