ಎತ್ತಿಟ್ಟ ಹೈಬ್ರಿಡ್ ಮುಸುಕಿನ ಜೋಳ ಯಾಕೆ ಕೈಕೊಟ್ಟಿತು: ಚಿಕ್ಕಪ್ಪನಿಗೆ

ಚಿಕ್ಕಪ್ಪ, ನೀವು ಬೆಳಿಗ್ಗೆ ಗ್ರೂಪಿಗೆ ಹಾಕಿದ ವಾಯ್ಸ್ ಎರಡು ಸಲ ಕೇಳಿದೆ. ಹೊಲದ ಫೋಟೋನೂ ನೋಡಿದೆ. ನೋಡಿ ಹೊಟ್ಟೆ ಉರಿಯಿತು. ನಾನೂ ವಾಯ್ಸ್‌ನಲ್ಲೇ ಹೇಳೋಣ ಅಂತಿದ್ದೆ, ಬಸ್ಸಿನ ಗದ್ದಲದಲ್ಲಿ ಏನೂ ಕೇಳಿಸಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ. ಅಜ್ಜಿಗೆ ಯಾರಾದರೂ ಓದಿ ಹೇಳಿ.

ನೀವು ಹೇಳಿದ್ದು ಇಷ್ಟು. ಹೋದ ವರ್ಷ ಹೈಬ್ರಿಡ್ ಮುಸುಕಿನ ಜೋಳ ಚೆನ್ನಾಗಿ ಬಂತು. ಅದರಲ್ಲಿ ದಪ್ಪ ದಪ್ಪ ತೆನೆ ಆರಿಸಿ ಅಟ್ಟದಲ್ಲಿ ಕಟ್ಟಿಟ್ಟಿರಿ. ಈ ಮುಂಗಾರಿಗೆ ಅದನ್ನೇ ಒಂದು ಎಕರೆಗೆ ಹಾಕಿದಿರಿ. ಈಗ ಒಂದು ಗಿಡ ತಲೆ ಮೀರಿದೆ, ಪಕ್ಕದ್ದು ಸೊಂಟಕ್ಕೂ ಬಂದಿಲ್ಲ, ತೆನೆ ಗೇಣುದ್ದವೂ ಇಲ್ಲ. ಬದುವಿನ ಆಚೆ ಅಂಗಡಿ ಬೀಜ ಹಾಕಿದ ಹೊಲ ಗೋಡೆ ಕಟ್ಟಿದ ಹಾಗೆ ಒಂದೇ ಸಮ ನಿಂತಿದೆ. "ಮತ್ತೆ ಬೆಳೆಯಬಾರದು ಅಂತ ಬೀಜಕ್ಕೆ ಏನೋ ಮದ್ದು ಸೇರಿಸಿರುತ್ತಾರೆ" ಅಂದಿರಿ. ಅದರ ಕೆಳಗೆ ಭಾವ "ಇದೆಲ್ಲ ಕುಲಾಂತರಿ" ಅಂತ ಹಾಕಿದ್ದಾರೆ.

ಎರಡೂ ಅಲ್ಲ ಚಿಕ್ಕಪ್ಪ. ಮತ್ತೆ ಹುಟ್ಟದ ಹಾಗೆ ಮಾಡಿದ್ದರೆ ನಿಮ್ಮ ಎಕರೆಯಲ್ಲಿ ಮೊಳಕೆಯೇ ಬರುತ್ತಿರಲಿಲ್ಲ, ಅಲ್ವಾ? ಚೀಲದ ಬೀಜಕ್ಕೆ ಬಳಿದಿರುವ ಕೆಂಪು ಬಣ್ಣ ಬೀಜೋಪಚಾರದ್ದು, ರೋಗಕ್ಕೆ, ಹುಳುವಿಗೆ. ಅದು ಆ ಒಂದು ಬೆಳೆಗೆ ಮುಗಿಯಿತು. ಕುಲಾಂತರಿ ಮುಸುಕಿನ ಜೋಳ ಬೆಳೆಯಲು ನಮ್ಮ ದೇಶದಲ್ಲಿ ಅನುಮತಿ ಇಲ್ಲ. ನಿಮ್ಮ ಹೊಲದಲ್ಲಿ ಆಗಿರುವುದು ಜೋಳದ ಹುಟ್ಟುಗುಣದಿಂದ. ಅದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ತಪ್ಪು ಮಾಡಿದೆ ಅಂತ ಕೊರಗುವುದು ನನಗೆ ಇಷ್ಟವಿಲ್ಲ. ಅಜ್ಜಿ ಕಲಿಸಿದ ಹಾಗೇ ಮಾಡಿದ್ದೀರಿ. ರಾಗಿಗೆ ಆ ಪಾಠ ಸರಿ, ಹೈಬ್ರಿಡ್ ಜೋಳಕ್ಕೆ ಮಾತ್ರ ಅದು ನಡೆಯಲ್ಲ.

ರಾಗಿ ಹೂವು ತನಗೆ ತಾನೇ ಕಾಳು ಕಟ್ಟುತ್ತದೆ. ಹೊರಗಿನ ಪರಾಗ ಬರುವುದು ಬಹಳ ಕಮ್ಮಿ. ಅದಕ್ಕೇ ಜಿಪಿಯು 28 ಎಂಬ ರಾಗಿ ತಳಿಯನ್ನು ಮನೆಯಲ್ಲೇ ಎತ್ತಿಟ್ಟು ಬಿತ್ತಿದರೂ ಅದು ಜಿಪಿಯು 28 ಆಗಿಯೇ ಬರುತ್ತದೆ. ಜೋಳ ಹಾಗಲ್ಲ. ಗಂಡು ಹೂವು ಮೇಲೆ, ಸೂಲಂಗಿಯಲ್ಲಿ. ಹೆಣ್ಣು ಕೆಳಗೆ, ತೆನೆಯಲ್ಲಿ. ತೆನೆಯ ತುದಿಯಲ್ಲಿ ಇಳಿಬಿದ್ದಿರುತ್ತದಲ್ಲ ಕೂದಲು, ಅದರ ಒಂದೊಂದು ಎಳೆ ಒಂದೊಂದು ಕಾಳಿಗೆ ಸೇರಿದ್ದು. ಎಳೆಗೆ ಪರಾಗ ಬಿದ್ದರೆ ಕಾಳು, ಬೀಳದಿದ್ದರೆ ಅಲ್ಲಿ ಬರೀ ಗುಳಿ. ಆ ಪರಾಗ ಹೆಚ್ಚು ಪಾಲು ಅಕ್ಕಪಕ್ಕದ ಗಿಡದಿಂದ ಗಾಳಿಯಲ್ಲಿ ಬರುತ್ತದೆ. ಒಂದೇ ತೆನೆಯ ಕಾಳುಗಳಿಗೆ ತಾಯಿ ಒಬ್ಬಳೇ, ಅಪ್ಪಂದಿರು ಬೇರೆ ಬೇರೆ.

ಈಗ ಒಂದು ಕೆಲಸ ಮಾಡಿ. ಒಂದು ತೆನೆ ಮುರಿದು ಮುಸುಕು ಸುಲಿದು, ನಡುವಿನಲ್ಲಿ ಸುತ್ತ ಎಷ್ಟು ಸಾಲು ಕಾಳಿದೆ ಎಣಿಸಿ. 12 ಬರುತ್ತದೆ, 14 ಬರುತ್ತದೆ, 16 ಬರುತ್ತದೆ. 13 ಅಥವಾ 15 ಸಿಗುವುದು ತೀರಾ ಅಪರೂಪ. ತೆನೆ ಎಳೆಯದಾಗಿದ್ದಾಗ ಕಾಳಿನ ಮೊಗ್ಗುಗಳು ಜೋಡಿ ಜೋಡಿಯಾಗಿ ಹುಟ್ಟುತ್ತವೆ, ಅದಕ್ಕೇ ಸಾಲು ಸಮಸಂಖ್ಯೆಯಲ್ಲೇ ಇರುತ್ತದೆ. ಇದನ್ನು ಯಾಕೆ ಹೇಳಿದೆ ಅಂದರೆ, ಹೈಬ್ರಿಡ್ ಜೋಳದ ಕಥೆ ಶುರುವಾಗುವುದೇ ಸಾಲು ಎಣಿಸುವುದರಿಂದ. ಅಮೆರಿಕದ ನ್ಯೂಯಾರ್ಕ್ ಹತ್ತಿರ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಅಂತ ಒಂದು ಜಾಗ. ಅಲ್ಲಿ ಜಾರ್ಜ್ ಶಲ್ ಎಂಬ ವಿಜ್ಞಾನಿ, ಸಾಲಿನ ಸಂಖ್ಯೆ ತಾಯಿಯಿಂದ ಮಗಳಿಗೆ ಹೇಗೆ ಹೋಗುತ್ತದೆ ಅಂತ ನೋಡುತ್ತಿದ್ದರು. ಅದಕ್ಕೆ ಗಿಡದ ಪರಾಗವನ್ನು ಅದೇ ಗಿಡದ ತೆನೆಗೆ ಹಾಕುತ್ತಾ ಹೋದರು. ವರ್ಷ ವರ್ಷ ಗಿಡ ಕುಳ್ಳಾಯಿತು, ಸೊರಗಿತು, ತೆನೆ ಸಣ್ಣದಾಯಿತು. ಆದರೆ ಒಂದೊಂದು ಮನೆತನದ ಗಿಡಗಳೆಲ್ಲ ಒಂದೇ ಅಚ್ಚಿನಲ್ಲಿ ಎರೆದ ಹಾಗೆ ಬಂದವು. ಆಮೇಲೆ ಹಾಗೆ ಸೊರಗಿದ ಎರಡು ಬೇರೆ ಮನೆತನಗಳನ್ನು ಕೂಡಿಸಿದರು. ಹುಟ್ಟಿದ್ದು ಎರಡನ್ನೂ ಮೀರಿ ನಿಂತ ಬೆಳೆ. ಅದೇ ಹೈಬ್ರಿಡ್. ಇದನ್ನು 1908ರಲ್ಲಿ ಬರೆದರು. ಈ ಕಸುವಿಗೆ 1914ರಲ್ಲಿ ಹೆಟೆರೋಸಿಸ್ ಅಂತ ಹೆಸರಿಟ್ಟವರೂ ಅವರೇ.

ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಓದು ಮುಗಿದ ಮೇಲೆ ಎರಡು ಹಂಗಾಮು ಬೀಜೋತ್ಪಾದನೆ ತಾಕಿನಲ್ಲಿ ಕೆಲಸ ಮಾಡಿದೆನಲ್ಲ, ಅಲ್ಲಿ ನಾಲ್ಕು ಸಾಲು ತಾಯಿ ತಳಿ, ಅದಕ್ಕೆ ಹೆಣ್ಣು ಸಾಲು ಅನ್ನುತ್ತಾರೆ, ಒಂದು ಸಾಲು ಪರಾಗ ಕೊಡುವ ತಂದೆ ತಳಿ, ಅದು ಗಂಡು ಸಾಲು. ಹೆಣ್ಣು ಸಾಲಿನ ಗಿಡ ನನ್ನ ಎದೆಮಟ್ಟ. ಎಲೆ ಕಿರಿದು, ತೆನೆ ಮುಷ್ಟಿಯಲ್ಲಿ ಹಿಡಿಯುವಷ್ಟು. ಅದನ್ನು ನೋಡಿ ಇದರಿಂದ ಏನು ಬೆಳೆ ಬರುತ್ತದೆ ಅನ್ನಿಸುತ್ತಿತ್ತು. ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಸಾಲಿಗೆ ಇಳಿದು, ಹೆಣ್ಣು ಗಿಡದ ಸೂಲಂಗಿ ಪರಾಗ ಉದುರಿಸುವ ಮೊದಲೇ ಕಿತ್ತು ಹಾಕಬೇಕು. ಹಿಡಿದು ಎಳೆದರೆ ಚಟ್ ಅಂತ ಬರುತ್ತದೆ. ಒಂದು ಬಿಟ್ಟರೂ ಅಕ್ಕಪಕ್ಕದ ತೆನೆಗಳಿಗೆಲ್ಲ ತಪ್ಪು ಪರಾಗ. ಎಲೆಯ ಅಂಚು ತಾಗಿ ಕೈಯೆಲ್ಲ ಗೀರು, ಸ್ನಾನ ಮಾಡಿದರೆ ಉರಿ. ಮಧ್ಯಾಹ್ನ ಆ ಕಡೆ ತಿರುಗಿ ನೋಡಿದರೆ, ಇದೇ ಕುಳ್ಳ ಗಿಡದ ಮಕ್ಕಳನ್ನು ಪರೀಕ್ಷೆಗೆ ಬಿತ್ತಿದ ತಾಕು. ಗಿಡ ನನ್ನ ತಲೆಗಿಂತ ಒಂದು ಮೊಳ ಮೇಲೆ. ಬೀಜ ಯಾಕೆ ಅಷ್ಟು ದುಬಾರಿ ಅಂತ ನನಗೆ ಅರ್ಥವಾಗಿದ್ದು ಅಲ್ಲೇ. ತಾಯಿ ಗಿಡ ಕೊಡುವುದೇ ಕಮ್ಮಿ, ಆಳು ಜಾಸ್ತಿ.

ಈ ಕಸುವು ಎಲ್ಲಿಂದ ಬರುತ್ತದೆ? ಎರಡು ಹರಿದ ಕಂಬಳಿ ಇವೆ ಅಂದುಕೊಳ್ಳಿ. ಒಂದರಲ್ಲಿ ಇಲ್ಲಿ ತೂತು, ಇನ್ನೊಂದರಲ್ಲಿ ಅಲ್ಲಿ ತೂತು. ಒಂದೇ ಹೊದ್ದರೆ ಚಳಿ. ಒಂದರ ಮೇಲೊಂದು ಹಾಕಿ ಹೊದ್ದರೆ ಒಂದರ ತೂತನ್ನು ಇನ್ನೊಂದು ಮುಚ್ಚುತ್ತದೆ. ಗಿಡದಲ್ಲಿ ಒಂದೊಂದು ಜೀನಿಗೂ, ಅಂದರೆ ಗುಣವನ್ನು ಹೊತ್ತು ತರುವ ತುಣುಕಿಗೂ, ಎರಡೆರಡು ಪ್ರತಿ ಇರುತ್ತದೆ, ತಾಯಿಯದು ಒಂದು, ತಂದೆಯದು ಒಂದು. ಒಂದು ಕೆಟ್ಟಿದ್ದರೂ ಇನ್ನೊಂದು ಸರಿ ಇದ್ದರೆ ಬಹಳ ಕಡೆ ಕೆಲಸ ನಡೆಯುತ್ತದೆ. ತನ್ನ ಪರಾಗವನ್ನೇ ತಾನು ತೆಗೆದುಕೊಂಡಾಗ ಎರಡೂ ಪ್ರತಿ ಕೆಟ್ಟದ್ದೇ ಆಗುವ ಸಂಭವ ಜಾಸ್ತಿ. ರಕ್ತಸಂಬಂಧದಲ್ಲಿ ಮದುವೆ ಬೇಡ ಅಂತ ಡಾಕ್ಟರ್ ಹೇಳುವುದೂ ಇದೇ ಕಾರಣಕ್ಕೆ.

ಕೆಲವರು ಇದನ್ನು ಒಪ್ಪಲಿಲ್ಲ. ತೂತು ಮುಚ್ಚುವುದಷ್ಟೇ ಅಲ್ಲ, ಎರಡು ಬೇರೆ ಬೇರೆ ಪ್ರತಿ ಒಟ್ಟಿಗೆ ಇರುವುದರಲ್ಲೇ ಒಂದು ಶಕ್ತಿ ಇದೆ ಅಂದರು. ನೂರು ವರ್ಷ ದಾಟಿದರೂ ಆ ವಾದ ಪೂರ್ತಿ ಮುಗಿದಿಲ್ಲ. ನನಗೆ ಹೆಚ್ಚು ಪಾಲು ಕಂಬಳಿಯ ಲೆಕ್ಕವೇ ಸರಿ ಅನ್ನಿಸುತ್ತದೆ. ಯಾಕೆಂದರೆ ಹಳೆಯ ಕಾಲದ ತಾಯಿ ತಳಿಗಳಿಗಿಂತ ಈಗಿನ ತಾಯಿ ತಳಿಗಳು ತಾವೇ ಎಷ್ಟೋ ಜಾಸ್ತಿ ಇಳುವರಿ ಕೊಡುತ್ತವೆ. ತೂತು ಹೊಲಿಯುತ್ತಾ ಬಂದ ಹಾಗೆ ಒಂಟಿ ಕಂಬಳಿಯೂ ಬೆಚ್ಚಗಾಯಿತು. ಹಾಗಾದರೆ ಎಲ್ಲ ತೂತೂ ಹೊಲಿದು ಒಂದೇ ಕಂಬಳಿ ಮಾಡಬಾರದಾ ಅಂತ ಕೇಳಬಹುದು. 2009ರಲ್ಲಿ ಬಿ73 ಎಂಬ ಮುಸುಕಿನ ಜೋಳದ ತಳಿಯ ಜೀನ್ ನಕ್ಷೆ ಓದಿದಾಗ 32,000ಕ್ಕೂ ಹೆಚ್ಚು ಜೀನ್ ಸಿಕ್ಕವು. ಅಷ್ಟೂ ಇರುವುದು ಬರೀ 10 ಜೋಡಿ ಕ್ರೋಮೋಸೋಮ್ ಎಂಬ ದಾರಗಳಲ್ಲಿ. ಒಳ್ಳೆಯದು ಕೆಟ್ಟದ್ದು ಒಂದೇ ದಾರದಲ್ಲಿ ಅಕ್ಕಪಕ್ಕ ಪೋಣಿಸಿದ ಹಾಗೆ ಕೂತಿವೆ. ಒಂದನ್ನು ಎಳೆದರೆ ಇನ್ನೊಂದೂ ಬರುತ್ತದೆ. 1917ರಲ್ಲೇ ಡೊನಾಲ್ಡ್ ಜೋನ್ಸ್ ಎಂಬ ವಿಜ್ಞಾನಿ ಇದನ್ನು ಹೇಳಿದ್ದರು.

ಈಗ ನಿಮ್ಮ ಅಟ್ಟದ ತೆನೆಗೆ ಬರೋಣ. ಹೋದ ವರ್ಷ ನೀವು ಬಿತ್ತಿದ ಪ್ರತಿ ಗಿಡದಲ್ಲೂ ಎರಡೂ ಕಂಬಳಿ ಇದ್ದವು. ಆ ಗಿಡಗಳು ತಮ್ಮತಮ್ಮಲ್ಲೇ ಪರಾಗ ಹಂಚಿಕೊಂಡು ಕಟ್ಟಿದ ಕಾಳು ನೀವು ಎತ್ತಿಟ್ಟದ್ದು. ಒಂದೊಂದು ಜೀನಿಗೂ ಲೆಕ್ಕ ಹೀಗೆ: ನಾಲ್ಕರಲ್ಲಿ ಒಂದು ಪಾಲು ಎರಡೂ ಮೊದಲ ಕಂಬಳಿಯದ್ದು, ಒಂದು ಪಾಲು ಎರಡೂ ಎರಡನೆಯದ್ದು, ಉಳಿದ ಎರಡು ಪಾಲು ಮಾತ್ರ ಜೋಡಿ. ಅಂದರೆ ಎರಡು ಕಂಬಳಿಯ ಜೋಡಿ ಉಳಿದದ್ದು ಅರ್ಧ ಜಾಗದಲ್ಲಿ ಮಾತ್ರ. ಸುಮ್ನೆ ಲೆಕ್ಕಕ್ಕೆ, ತಾಯಿ ತಂದೆ ತಳಿ ಎಕರೆಗೆ 8 ಕ್ವಿಂಟಾಲ್ ಕೊಡುತ್ತವೆ, ಹೈಬ್ರಿಡ್ 28 ಕೊಡುತ್ತದೆ ಅಂದುಕೊಳ್ಳಿ. ಹೆಚ್ಚಿಗೆ ಬಂದದ್ದು 20. ಮುಂದಿನ ಪೀಳಿಗೆಯಲ್ಲಿ ಅದರಲ್ಲಿ ಅರ್ಧ ಹೋಗಿ 18ಕ್ಕೆ ಇಳಿಯುತ್ತದೆ. ಮೇಲಿಂದ ಗಿಡಗಳು ಒಂದೇ ಸಮ ಇಲ್ಲ. ಎತ್ತರದ್ದು ಕುಳ್ಳದಕ್ಕೆ ನೆರಳು ಮಾಡುತ್ತದೆ. ತಡವಾಗಿ ಕೂದಲು ಬಿಟ್ಟ ತೆನೆಗೆ ಪರಾಗ ಸಿಗಲ್ಲ.

ದಪ್ಪ ತೆನೆಯನ್ನೇ ಆರಿಸಿದ್ದೆನಲ್ಲ ಅಂತ ನೀವು ಎರಡು ಸಲ ಹೇಳಿದಿರಿ. ಇಲ್ಲೇ ಮುಖ್ಯವಾದ ವಿಷಯ ಇರುವುದು. ಎರಡು ಶುದ್ಧ ತಳಿ ಕೂಡಿಸಿದ ಹೈಬ್ರಿಡ್ ಹೊಲದಲ್ಲಿ ಗಿಡಗಳೆಲ್ಲ ಜೀನಿನಲ್ಲಿ ಒಂದೇ, ಅವಳಿ ಜವಳಿ ಇದ್ದ ಹಾಗೆ. ತೆನೆ ದಪ್ಪ ಆಗಿದ್ದು ಅಲ್ಲಿ ಗೊಬ್ಬರದ ಗುಪ್ಪೆ ಇದ್ದುದಕ್ಕೆ, ಇಲ್ಲ ಬೋರ್‌ವೆಲ್ ಕಾಲುವೆ ಪಕ್ಕದಲ್ಲಿ ಇದ್ದುದಕ್ಕೆ. ಅದು ಮಣ್ಣಿನ ಗುಣ, ನೀರಿನ ಗುಣ. ಬೀಜದ ಜೊತೆ ಅಟ್ಟ ಹತ್ತುವುದಿಲ್ಲ. ಸಣ್ಣ ತೆನೆ ಇಟ್ಟಿದ್ದರೂ ಹೊಲ ಹೆಚ್ಚುಕಮ್ಮಿ ಹೀಗೇ ಇರುತ್ತಿತ್ತು. ಅಜ್ಜಿ ನಾಟಿ ರಾಗಿಯಲ್ಲಿ ತೆನೆ ಆರಿಸುವ ಕಾಲಕ್ಕೆ ಗಿಡದಿಂದ ಗಿಡಕ್ಕೆ ನಿಜವಾದ ವ್ಯತ್ಯಾಸ ಇತ್ತು. ಅವರ ಕಣ್ಣು ಅದನ್ನು ಹಿಡಿಯುತ್ತಿತ್ತು. ಆ ಕಣ್ಣಿಗೆ ಈ ಹೊಲದಲ್ಲಿ ಆರಿಸಲು ಏನೂ ಇರಲಿಲ್ಲ, ಅಷ್ಟೇ. ಇದನ್ನು ಅಜ್ಜಿಗೆ ದಯವಿಟ್ಟು ಹೀಗೇ ಓದಿ ಹೇಳಿ.

ಹೈಬ್ರಿಡ್‌ನಿಂದ ಲಾಭ ಇಲ್ಲವಾ ಅಂದರೆ ಖಂಡಿತ ಇದೆ. 1930ರ ದಶಕದವರೆಗೆ ಅಮೆರಿಕದಲ್ಲಿ ಎಕರೆಗೆ ಆರೂವರೆ ಕ್ವಿಂಟಾಲ್ ಆಸುಪಾಸಿನಲ್ಲೇ ನಿಂತಿತ್ತು. ಈಗ ಸುಮಾರು 45. ಅಷ್ಟೂ ಹೈಬ್ರಿಡ್ ಕಸುವಿನದಲ್ಲ. ಗೊಬ್ಬರ ಹೆಚ್ಚಾಯಿತು. ಒತ್ತಾಗಿ ಬಿತ್ತಿದರೂ ತಾಳುವ ತಳಿ ಬಂದವು. ನಮ್ಮಲ್ಲಿ 1957ರಲ್ಲಿ ಅಖಿಲ ಭಾರತ ಮಟ್ಟದ ಮುಸುಕಿನ ಜೋಳದ ಯೋಜನೆ ಶುರುವಾಗಿ, 1961ರಲ್ಲಿ ಗಂಗಾ, ರಂಜಿತ್, ಡೆಕ್ಕನ್ ಅಂತ ಮೊದಲ ಹೈಬ್ರಿಡ್‌ಗಳು ಬಂದವು.

ಈಗ ಮಾಡುವ ಕೆಲಸ. ಆ ಎಕರೆಯನ್ನು ಕಾಳಿಗೆ ಕಾಯಬೇಡಿ. ಹಸುಗಳಿವೆಯಲ್ಲ, ರಸಮೇವು ಮಾಡಿ. ತೆನೆ ಸುಲಿದು ಕಾಳನ್ನು ಉಗುರಿನಲ್ಲಿ ಒತ್ತಿ ನೋಡಿ. ಹಾಲು ಚಿಮ್ಮುವುದು ನಿಂತು ಕಲಸಿದ ಹಿಟ್ಟಿನ ಹಾಗೆ ಆದಾಗ ಗಿಡ ಪೂರ್ತಿ ಕೊಯ್ದು, ಕತ್ತರಿಸಿ, ಗಾಳಿ ಹೋಗದ ಹಾಗೆ ತುಳಿದು ಮುಚ್ಚಿ. ಕುಳ್ಳ ಗಿಡ, ಎತ್ತರದ ಗಿಡ ಅನ್ನುವ ಭೇದ ಹಸುವಿಗೆ ಇಲ್ಲ. ಅಲ್ಲಿವರೆಗೆ ಸುಳಿ ಬಿಡಿಸಿ ನೋಡುತ್ತಿರಿ, 2018ರಲ್ಲಿ ಬಂದ ಸೈನಿಕ ಹುಳು ಇನ್ನೂ ನಮ್ಮನ್ನು ಬಿಟ್ಟಿಲ್ಲ.

ಬೀಜ ಎತ್ತಿಡಲೇಬೇಕು ಅನ್ನುವುದಾದರೆ ಅದಕ್ಕೆ ಬೇರೆ ತಳಿ ಇವೆ. ಮೇವಿಗೆ ನೀವೇ ಹಾಕುವ ಆಫ್ರಿಕನ್ ಟಾಲ್ ಹೈಬ್ರಿಡ್ ಅಲ್ಲ, ಅದು ಹಲವು ತಳಿ ಬೆರೆಸಿದ ಕಾಂಪೋಸಿಟ್. ಹೊಲದ ನಡುವಿನ ಬಹಳಷ್ಟು ಗಿಡಗಳಿಂದ ತೆನೆ ಆರಿಸಿದರೆ ಎರಡು ಮೂರು ವರ್ಷ ಬಿತ್ತಬಹುದು. ಅಜ್ಜಿಯ ಕಣ್ಣು ಅಲ್ಲಿ ಕೆಲಸಕ್ಕೆ ಬರುತ್ತದೆ. ಕಾಳಿಗೆ ಬೇಕಾದರೆ ಪ್ರತಿ ವರ್ಷ ಹೊಸ ಹೈಬ್ರಿಡ್ ಬೀಜವನ್ನೇ ತನ್ನಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೇಮಾ ತಳಿಯ ಬೀಜ ಸಿಗುತ್ತದಾ ಅಂತ ಒಮ್ಮೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಎಲ್ಲೇ ತಗೊಂಡರೂ ಬಿಲ್ ಕೇಳಿ ಇಸ್ಕೊಳ್ಳಿ. ಚೀಲಕ್ಕೆ ಹೊಲಿದಿರುವ ಚೀಟಿಯನ್ನು ಬೆಳೆ ಕೈಗೆ ಬರುವವರೆಗೆ ಎಸೆಯಬೇಡಿ.

ಸಾಲು ಎಣಿಸಿದ ಮೇಲೆ ಎಷ್ಟು ಬಂತು ಅಂತ ಇಲ್ಲೇ ಹಾಕಿ. ನಿಮ್ಮ ಹೊಲದ್ದು ಐದು ತೆನೆ, ಬದುವಿನ ಆಚೆಯದ್ದು ಐದು ತೆನೆ. ಜಗುಲಿ ಮೇಲೆ ಜೋಡಿಸಿ ಫೋಟೋ ಕಳಿಸಿ, ನಾನು ಭಾನುವಾರ ಬರುತ್ತೇನೆ.